ಒಂದು ಚೀಲ ಯೂರಿಯಾದಲ್ಲಿ ಎರಡು ಕೋಣೆ ಗಾಳಿ

(ಪಾಡ್‌ಕಾಸ್ಟ್ ಸಂಚಿಕೆಯ ಬರಹರೂಪ. ಓದಲು ಅನುಕೂಲವಾಗುವಂತೆ ಅಲ್ಲಲ್ಲಿ ಸಣ್ಣ ತಿದ್ದುಪಡಿ ಮಾಡಲಾಗಿದೆ.)

ಬಸ್ಸಿನಾಗ ಕೂತು ಕೇಳಾಕತ್ತೀರೋ, ಹೊಲದ ಬದುವಿನ ಮ್ಯಾಲೆ ಕೂತು ಕೇಳಾಕತ್ತೀರೋ, ಇಯರ್‌ಫೋನ್ ಒಂದ್ಸಲ ಸರಿ ಮಾಡ್ಕೊಳ್ರಿ. ಇವತ್ತಿನ ವಿಷಯ ಸ್ವಲ್ಪ ಕೆಮಿಸ್ಟ್ರಿ. ಹೆದರಬ್ಯಾಡ್ರಿ, ನಾನೂ ಬಿ.ಕಾಂ. ಓದಿದವಳೇ. ನನಗೆ ಅರ್ಥ ಆಗೋವರೆಗೂ ಕೇಳಿ, ಓದಿ, ಆಮೇಲೆ ನಿಮ್ಮ ಮುಂದೆ ಕೂತಿದ್ದೇನೆ.

ಶುರು ಮಾಡೋದು ನಮ್ಮೂರಿಂದ. ಗದಗ ತಾಲೂಕಿನ ಹರ್ತಿ. 2025ರ ಜುಲೈ ತಿಂಗಳು. ಆ ವರ್ಷ ಮುಂಗಾರು ಬೇಗ ಬಂತು, ನೆನಪಿದೆಯಲ್ಲ? ಮೇ 24ಕ್ಕೇ ಕೇರಳಕ್ಕೆ ಬಂದುಬಿಟ್ಟಿತ್ತು. ನಮ್ಮ ಕಡೆ ಬಿತ್ತನೆಯೂ ಬೇಗ ಆಯ್ತು. ಅದರಲ್ಲೂ ಗೋವಿನಜೋಳ, ಅಂದರೆ ಮೆಕ್ಕೆಜೋಳ, ರಾಜ್ಯದಲ್ಲೆಲ್ಲ ಜಾಸ್ತಿ ಬಿತ್ತಿದ್ದರು. ಗೋವಿನಜೋಳ ಅಂದ್ರೆ ಯೂರಿಯಾ ಬೇಕೇ ಬೇಕು. ಎಲ್ಲರಿಗೂ ಒಂದೇ ಹದಿನೈದು ದಿನದಲ್ಲಿ ಬೇಕು.

ನಮ್ಮ ಕಾಕಾನ ಜೊತೆ ನಾನೂ ಕ್ಯೂದಲ್ಲಿ ನಿಂತೆ. ಬೆಳಿಗ್ಗೆ ಐದಕ್ಕೇ ಹೋದ್ವಿ. ನಮಗಿಂತ ಮೊದಲು ಅಲ್ಲಿ ಮನುಷ್ಯರು ಕಮ್ಮಿ, ಚಪ್ಪಲಿ ಜಾಸ್ತಿ. ಚಪ್ಪಲಿ, ಆಧಾರ್ ಜೆರಾಕ್ಸ್ ಮೇಲೆ ಒಂದು ಕಲ್ಲು, ಮತ್ತೆ ಚಪ್ಪಲಿ. ಅದೇ ಸಾಲು. ಬಿಸಿಲು ಏರಿದ ಮೇಲೆ ಹೆಬ್ಬೆಟ್ಟು ಒತ್ತಿ ಎರಡು ಚೀಲ ಸಿಕ್ಕವು. ಅದರ ಜೊತೆ ಬೇಡ ಅಂದರೂ ಒಂದು ಬಾಟಲಿ ಬೇರೆ ತಗೊಳ್ಳಲೇಬೇಕು ಅಂದರು. ನಮ್ಮ ಕಡೆ ಇದಕ್ಕೆ "ಲಿಂಕ್" ಅಂತಾರೆ, ನಿಮಗೂ ಗೊತ್ತಿರುತ್ತೆ. ಅಂಗಡಿ ಹೆಸರು ಹೇಳಲ್ಲ, ಇವತ್ತಿನ ಮಾತು ಅದಲ್ಲ.

ಟಂಟಂ ಗಾಡಿಯಲ್ಲಿ ಚೀಲದ ಮೇಲೆ ಕೂತು ವಾಪಸ್ ಬರುವಾಗ ಕಾಕಾ ಒಂದು ಪ್ರಶ್ನೆ ಕೇಳಿದ.

"ಯವ್ವಾ, ನೀ ಬಿಕಾಂ ಓದೀದಿ. ಒಂದು ಲೆಕ್ಕಾ ಹೇಳು. ವರ್ಷಾ ಮಳಿ ಬರೂದು ಇದ ಹೊತ್ತಿನ್ಯಾಗ. ಗೊಬ್ಬರ ಬೇಕಾಗೂದೂ ಇದ ಹೊತ್ತಿನ್ಯಾಗ. ದೀಪಾವಳಿ ಬಂತಂದ್ರ ಪಟಾಕಿ ಹೆಚ್ಚು ಮಾಡ್ತಾರ, ಸಾಲಿ ಚಾಲೂ ಆಗೂಮುಂದ ಪಾಟಿಚೀಲಾ ಹೆಚ್ಚು ಮಾಡ್ತಾರ. ಈ ಗೊಬ್ಬರ ಮಾಡಾವ್ರಿಗೆ ಜುಲೈದಾಗ ನಾಕ ಚೀಲಾ ಜಾಸ್ತಿ ಮಾಡಾಕ ಏನ ಧಾಡಿ?"

ನಾನು ಬಾಯಿ ಬಿಡಲಿಲ್ಲ. ಡಿಮ್ಯಾಂಡ್, ಸಪ್ಲೈ ಅಂತ ಮೂರು ವರ್ಷ ಓದಿದ್ದೆ. ಕಾಕಾನ ಪ್ರಶ್ನೆಗೆ ಅದರಲ್ಲಿ ಉತ್ತರ ಇರಲಿಲ್ಲ. ಉತ್ತರ ಇದ್ದದ್ದು ಸಮುದ್ರದ ದಂಡೆಯಲ್ಲಿರೋ ಕೆಲವು ಎತ್ತರದ ಉಕ್ಕಿನ ಟವರ್‌ಗಳಲ್ಲಿ. ಮೊಬೈಲ್ ಟವರ್ ಅಲ್ಲ ಮತ್ತೆ.

ಚೀಲದ ಒಳಗೆ ಏನಿದೆ

ಮೊದಲು ಚೀಲದ ಲೆಕ್ಕ. ಯೂರಿಯಾ ಚೀಲ ಈಗ 45 ಕೆಜಿ. ರೈತ ಕೊಡೋದು 266 ರೂಪಾಯಿ 50 ಪೈಸೆ. ಉಳಿದದ್ದು ಸಬ್ಸಿಡಿ, ಅದು ರೈತ ಕೊಡೋದಕ್ಕಿಂತ ಹಲವು ಪಟ್ಟು. ಯೂರಿಯಾದಲ್ಲಿ 100ಕ್ಕೆ 46 ಭಾಗ ಸಾರಜನಕ. ಅಂದರೆ ಒಂದು ಚೀಲದಲ್ಲಿ 20.7 ಕೆಜಿ ಸಾರಜನಕ. ನಾವು ದುಡ್ಡು ಕೊಡ್ತಿರೋದು ಅದಕ್ಕೆ.

ಯೂರಿಯಾ ಆಗೋದು ಎರಡು ಅನಿಲದಿಂದ. ಒಂದು ಅಮೋನಿಯಾ. ಇನ್ನೊಂದು ಕಾರ್ಬನ್ ಡೈಆಕ್ಸೈಡ್, ನಾವು ಉಸಿರು ಬಿಡ್ತೀವಲ್ಲ, ಅದೇ. 45 ಕೆಜಿ ಯೂರಿಯಾ ಆಗಬೇಕಾದರೆ ಸುಮಾರು 25.5 ಕೆಜಿ ಅಮೋನಿಯಾ, 33 ಕೆಜಿ ಕಾರ್ಬನ್ ಡೈಆಕ್ಸೈಡ್ ಬೇಕು. ಕೂಡಿಸಿದರೆ 58.5. ಹೆಚ್ಚಿಗೆ ಇರೋ 13.5 ಕೆಜಿ ನೀರಾಗಿ ಹೊರಗೆ ಬರುತ್ತೆ. ಲೆಕ್ಕ ಟ್ಯಾಲಿ ಆಯ್ತಾ? ಆಯ್ತು.

ಆ ಎರಡೂ ಅನಿಲವನ್ನು ನಮ್ಮ ಮನೆಯ ಸಾಮಾನ್ಯ ಗಾಳಿಯ ಹಾಗೆ ಬಿಟ್ಟರೆ ಎಷ್ಟು ಜಾಗ ಬೇಕು ಅಂತ ಲೆಕ್ಕ ಹಾಕಿದೆ. ಹತ್ತು ಬೈ ಹತ್ತರ, ಹತ್ತಡಿ ಎತ್ತರದ ಎರಡು ಕೋಣೆ ಬೇಕು. ಕಂಠಮಟ ತುಂಬಿದ ಎರಡು ಕೋಣೆ ಗಾಳಿಯನ್ನು ಒತ್ತಿ, ಹಿಂಡಿ, ಬಿಳಿ ಕಾಳು ಮಾಡಿ, ಒಂದು ಚೀಲದಲ್ಲಿ ಹೊಲಿದು ಕೊಟ್ಟಿದ್ದಾರೆ. ಕಾಕಾ ಹೆಗಲ ಮೇಲೆ ಹೊತ್ತದ್ದು ಅದನ್ನೇ.

ಒಂದು ಮಾತು ಇಲ್ಲೇ ಮನಸ್ಸಿನಲ್ಲಿ ಇಟ್ಕೊಳ್ರಿ, ಕೊನೆಗೆ ಬೇಕಾಗುತ್ತೆ. ಗಾಳಿಯಾಗಿದ್ದದ್ದು ಯಾವಾಗಲೂ ಮತ್ತೆ ಗಾಳಿ ಆಗೋಕೆ ದಾರಿ ಹುಡುಕ್ತಾ ಇರುತ್ತೆ.

ಗೋಲಿ ಸೋಡಾದ ಪಾಠ

ಅನಿಲವನ್ನು ದ್ರವದ ಒಳಗೆ ಇಡೋದು ಹೇಗೆ? ಇದನ್ನ ನಮಗೆ ಗೋಲಿ ಸೋಡಾ ಕಲಿಸಿದೆ. ಒತ್ತಡ ಹಾಕಿದರೆ ಅನಿಲ ನೀರಿನೊಳಗೆ ಹೋಗುತ್ತೆ. ಗೋಲಿ ಒತ್ತಿದ ತಕ್ಷಣ ಒತ್ತಡ ಇಳಿಯುತ್ತೆ, ಅನಿಲ ಬುಸ್ ಅಂತ ಹೊರಗೆ. ಸೋಡಾ ಬಿಸಿಲಲ್ಲಿ ಬಿಸಿಯಾಗಿದ್ದರೆ ಇನ್ನೂ ಜೋರು. ಒತ್ತಡ ಏರಿಸಿದರೆ ಒಳಗೆ, ಒತ್ತಡ ಇಳಿಸಿ ಬಿಸಿ ಮಾಡಿದರೆ ಹೊರಗೆ. ಇಷ್ಟು ತಿಳಿದರೆ ಗೊಬ್ಬರ ಕಾರ್ಖಾನೆ ಅರ್ಧ ತಿಳಿದ ಹಾಗೆ.

ಕಾರ್ಖಾನೆಯ ಮೊದಲ ಜೋಡಿ ಟವರ್ ಮಾಡೋದು ಇದನ್ನೇ. ಅಮೋನಿಯಾಕ್ಕೆ ಗಾಳಿಯ ಸಾರಜನಕ ಬೇಕು, ಅದು ಪುಕ್ಕಟೆ. ಆದರೆ ಜಲಜನಕವೂ ಬೇಕು, ಅದನ್ನ ನೈಸರ್ಗಿಕ ಅನಿಲದಿಂದ ತೆಗೀತಾರೆ. ಹಾಗೆ ತೆಗೆಯುವಾಗ ಅದರ ಜೊತೆ ಕಾರ್ಬನ್ ಡೈಆಕ್ಸೈಡ್ ಕೂಡ ಬರುತ್ತೆ. ಅದು ಮುಂದಿನ ಯಂತ್ರಕ್ಕೆ ವಿಷ ಇದ್ದ ಹಾಗೆ, ತೆಗೆಯಲೇಬೇಕು. ತೆಗೆದದ್ದು ಯೂರಿಯಾಕ್ಕೆ ಬೇಕೂ ಬೇಕು.

ಅದಕ್ಕೆ ಒಂದು ಎತ್ತರದ ಟವರ್. ಹೆಸರು ಅಬ್ಸಾರ್ಬರ್, ಹೀರಿಕೊಳ್ಳುವ ಟವರ್. ಒಳಗೆ ಸಾಮಾನ್ಯ ಗಾಳಿಯ 25–30 ಪಟ್ಟು ಒತ್ತಡ. ಕೆಳಗಿಂದ ಅನಿಲ ಏರುತ್ತೆ. ಮೇಲಿಂದ ಒಂದು ದ್ರಾವಣ ಇಳಿಯುತ್ತೆ, ಪೊಟ್ಯಾಸಿಯಂ ಕಾರ್ಬೋನೇಟ್ ಅಥವಾ ಅಮೀನ್ ಅನ್ನೋ ಜಾತಿಯದು. ಅದು ಬರೀ ನೀರಿನ ಹಾಗೆ ನೆನೆಸಿಕೊಳ್ಳೋದಿಲ್ಲ, ಕಾರ್ಬನ್ ಡೈಆಕ್ಸೈಡ್ ಜೊತೆ ರಾಸಾಯನಿಕವಾಗಿ ಸೇರಿ ಹಿಡಿದುಕೊಳ್ಳುತ್ತೆ.

ಯಾಕೆ ಒಂದು ಏರಬೇಕು, ಇನ್ನೊಂದು ಇಳಿಯಬೇಕು? ಊಟದ ಪಂಕ್ತಿ ನೆನಪು ಮಾಡ್ಕೊಳ್ರಿ. ಹಸಿದವನಿಗೆ ಒಣ ರೊಟ್ಟಿನೂ ಸೇರುತ್ತೆ. ಹೊಟ್ಟೆ ತುಂಬಿದವನಿಗೆ ಹೋಳಿಗೆ ಇಟ್ಟರಷ್ಟೇ ಇನ್ನೊಂದು ತುತ್ತು ಇಳಿಯುತ್ತೆ. ಟವರಿನ ತುದಿಯಲ್ಲಿ ಅನಿಲದೊಳಗೆ ಕಾರ್ಬನ್ ಡೈಆಕ್ಸೈಡ್ ಚೂರುಪಾರು ಉಳಿದಿರುತ್ತೆ, ಆದರೆ ಅಲ್ಲಿ ಅದಕ್ಕೆ ಎದುರಾಗೋದು ಆಗಷ್ಟೇ ಬಂದ ಹಸಿದ ದ್ರಾವಣ. ಆ ಚೂರನ್ನೂ ಬಿಡೋದಿಲ್ಲ. ಕೆಳಗೆ ಬರುವಷ್ಟರಲ್ಲಿ ದ್ರಾವಣದ ಹೊಟ್ಟೆ ತುಂಬಿರುತ್ತೆ, ಆದರೆ ಅಲ್ಲಿ ಸಿಗೋದು ದಟ್ಟ ಅನಿಲ, ಹೋಳಿಗೆ ಊಟ. ಹಾಗಾಗಿ ಇಡೀ ಟವರಿನುದ್ದಕ್ಕೂ ಕೆಲಸ ನಡೆದೇ ಇರುತ್ತೆ.

ಹೊಟ್ಟೆ ತುಂಬಿದ ದ್ರಾವಣ ಎರಡನೇ ಟವರಿಗೆ ಹೋಗುತ್ತೆ. ಅಲ್ಲಿ ಒತ್ತಡ ಇಳಿಸಿ, ಬಿಸಿ ಮಾಡ್ತಾರೆ. ಗೋಲಿ ಒತ್ತಿದ ಹಾಗೆ. ಕಾರ್ಬನ್ ಡೈಆಕ್ಸೈಡ್ ಬಿಟ್ಟುಕೊಟ್ಟು, ದ್ರಾವಣ ಮತ್ತೆ ಹಸಿದು ಮೊದಲ ಟವರಿನ ತುದಿಗೆ ವಾಪಸ್. ಹಗಲು ರಾತ್ರಿ ಅದೇ ದ್ರಾವಣ, ಅದೇ ಸುತ್ತು.

2,000 ಪಿಎಸ್‌ಐ

ಈಗ ದೊಡ್ಡ ಟವರ್. ಯೂರಿಯಾ ರಿಯಾಕ್ಟರ್.

ನಿಮ್ಮ ಬೈಕ್ ಟೈರಿಗೆ ಎಷ್ಟು ಗಾಳಿ ಹೊಡೆಸ್ತೀರಿ? 30, 35 ಪಿಎಸ್‌ಐ. ಯೂರಿಯಾ ರಿಯಾಕ್ಟರಿನೊಳಗೆ 2,000 ಪಿಎಸ್‌ಐಗೂ ಮೇಲೆ. ಗಾಳಿಯ ಸಾಮಾನ್ಯ ಒತ್ತಡದ 140 ಪಟ್ಟು, ಕೆಲವು ವಿಧಾನದಲ್ಲಿ 200 ಪಟ್ಟಿನ ತನಕ. ಬಿಸಿ 180ರಿಂದ 190 ಡಿಗ್ರಿ. ದಪ್ಪ ಉಕ್ಕಿನ ಗೋಡೆ, ಒಳಗೆ ಒಂದರ ಮೇಲೊಂದು ತೂತು ತೂತಿನ ತಟ್ಟೆಗಳು. ಕೆಳಗಿಂದ ಅಮೋನಿಯಾ, ಕಾರ್ಬನ್ ಡೈಆಕ್ಸೈಡ್ ನುಗ್ತಾನೇ ಇರುತ್ತವೆ, ಮೇಲಿಂದ ಯೂರಿಯಾ ದ್ರಾವಣ ಹೊರಗೆ ಬರ್ತಾನೇ ಇರುತ್ತೆ.

ಒಳಗೆ ನಡೆಯೋದು ಎರಡು ಹೆಜ್ಜೆ. ಮೊದಲ ಹೆಜ್ಜೆ ಬಹಳ ಬೇಗ: ಎರಡೂ ಅನಿಲ ಸೇರಿ ಕಾರ್ಬಮೇಟ್ ಅನ್ನೋ ದ್ರವ ಆಗುತ್ತೆ, ಭಾರಿ ಶಾಖ ಬಿಡುತ್ತೆ. ಎರಡನೇ ಹೆಜ್ಜೆ ನಿಧಾನ: ಕಾರ್ಬಮೇಟ್ ತನ್ನೊಳಗಿನ ನೀರು ಬಿಟ್ಟು ಯೂರಿಯಾ ಆಗಬೇಕು. ಅದಕ್ಕೆ ಅದು ರಿಯಾಕ್ಟರಿನೊಳಗೆ ಅರ್ಧ ಗಂಟೆಯಿಂದ ಒಂದು ಗಂಟೆ ಇರಬೇಕು. ಈ ಸಮಯದ ಮಾತು ನೆನಪಿರಲಿ, ಕಾಕಾನ ಪ್ರಶ್ನೆಗೆ ಉತ್ತರ ಇಲ್ಲೇ ಇದೆ.

ಇನ್ನೊಂದು ತಕರಾರು. ಎರಡನೇ ಹೆಜ್ಜೆ ಪೂರ್ತಿ ಮುಗಿಯೋದೇ ಇಲ್ಲ. ಒಳಗೆ ಹೋದ ಕಾರ್ಬನ್ ಡೈಆಕ್ಸೈಡ್‌ನಲ್ಲಿ 100ಕ್ಕೆ 60ರಿಂದ 70 ಭಾಗ ಯೂರಿಯಾ ಆಗಿರುತ್ತೆ. ಎಷ್ಟು ಹೊತ್ತು ಕಾದರೂ ಅಷ್ಟೇ, ಯಾಕಂದರೆ ಅದೇ ಕ್ರಿಯೆ ಹಿಂದಕ್ಕೂ ನಡೀತಾ ಇರುತ್ತೆ. ಉಳಿದ 30, 40 ಭಾಗ ಏನಾಗಬೇಕು?

ಕಾಮರ್ಸ್ ಓದಿದ ನನಗೆ ಇಷ್ಟವಾದ ಭಾಗ ಇದು. ಅದನ್ನ ನಷ್ಟದ ಖಾತೆಗೆ ಬರೆಯೋದಿಲ್ಲ, ಮತ್ತೆ ವ್ಯಾಪಾರಕ್ಕೆ ಹಾಕ್ತಾರೆ. ರಿಯಾಕ್ಟರ್ ಆದ ಮೇಲೆ ಸಾಲಾಗಿ ಇನ್ನಷ್ಟು ಟವರ್. ಒಂದಕ್ಕೆ ಸ್ಟ್ರಿಪ್ಪರ್ ಅಂತಾರೆ: ಬಿಸಿ ಕೊಳವೆಗಳ ಒಳಗೋಡೆಯ ಮೇಲೆ ದ್ರಾವಣ ತೆಳ್ಳಗೆ ಹರಿದು ಇಳಿಯುತ್ತೆ, ಎದುರಿಗೆ ಅನಿಲ ಏರುತ್ತೆ, ಯೂರಿಯಾ ಆಗದೆ ಉಳಿದದ್ದನ್ನ ಎತ್ತಿಕೊಂಡು ಹೋಗುತ್ತೆ. ಅದಾದ ಮೇಲೆ ಒತ್ತಡ ಇಳಿಸ್ತಾ ಹೋಗ್ತಾರೆ. 140 ಪಟ್ಟಿನಿಂದ ಹದಿನೇಳು ಹದಿನೆಂಟಕ್ಕೆ, ಅಲ್ಲಿಂದ ಮೂರು ನಾಲ್ಕಕ್ಕೆ, ಕೊನೆಗೆ ಗಾಳಿಯ ಒತ್ತಡಕ್ಕಿಂತಲೂ ಕೆಳಗೆ. ಪ್ರತಿ ಮೆಟ್ಟಿಲಲ್ಲೂ ಒಂದಿಷ್ಟು ಅಮೋನಿಯಾ, ಕಾರ್ಬನ್ ಡೈಆಕ್ಸೈಡ್ ಬುಸ್ ಅಂತ ಬೇರೆ ಆಗುತ್ತೆ. ಅದನ್ನೆಲ್ಲ ಹಿಡಿದು, ದ್ರವ ಮಾಡಿ, ಪಂಪ್‌ನಿಂದ ಮತ್ತೆ ರಿಯಾಕ್ಟರಿಗೆ ತಳ್ಳುತ್ತಾರೆ. ಎಲ್ಲ ಕಾರ್ಖಾನೆಯಲ್ಲೂ ಟವರ್‌ಗಳ ಜೋಡಣೆ ಒಂದೇ ಥರ ಇರೋದಿಲ್ಲ, ಆದರೆ ತತ್ವ ಇದೇ.

ಒಂದೇ ಟವರಲ್ಲಿ 60–70 ಅಷ್ಟೇ ಸಾಧ್ಯ. ಸಾಲಲ್ಲಿ ಸುತ್ತಿಸಿದರೆ ಹೆಚ್ಚುಕಡಿಮೆ ನೂರಕ್ಕೆ ನೂರೂ ಬಳಕೆ ಆಗುತ್ತೆ. ಕೊನೆಗೆ ಉಳಿದ ಕರಗಿದ ಯೂರಿಯಾವನ್ನ ಇನ್ನೊಂದು ಎತ್ತರದ ಟವರಿನ ತುದಿಯಿಂದ ಮಳೆ ಹನಿಯ ಹಾಗೆ ಉದುರಿಸ್ತಾರೆ. ಕೆಳಗಿಂದ ಗಾಳಿ ಬರ್ತಿರುತ್ತೆ. ಬೀಳ್ತಾ ಬೀಳ್ತಾ ಹನಿ ಗಟ್ಟಿಯಾಗಿ ಕಾಳಾಗುತ್ತೆ. ನಿಮ್ಮ ಕೈಯಲ್ಲಿ ಗುಂಡಗೆ ಉರುಳುತ್ತಲ್ಲ ಯೂರಿಯಾ ಕಾಳು, ಅದರ ಗುಂಡು ಆಕಾರ ಬಂದದ್ದು ಆ ಬೀಳುವಿಕೆಯಿಂದ.

ರೊಟ್ಟಿ ಅಲ್ಲ, ಕಾಲುವೆ

ಈಗ ಕಾಕಾನ ಪ್ರಶ್ನೆ. ಜುಲೈದಾಗ ಜಾಸ್ತಿ ಮಾಡಾಕ ಏನ ಧಾಡಿ?

ಪಟಾಕಿ, ಪಾಟಿಚೀಲ ಇವೆಲ್ಲ ರೊಟ್ಟಿ ಬಡಿದ ಹಾಗೆ. ಒಂದು ರೊಟ್ಟಿ ಆಯ್ತು, ಇನ್ನೊಂದು ಹಂಚಿಗೆ ಹಾಕಿದ್ರಿ. ಬೀಗರು ಬಂದರೆ ಪಕ್ಕದಲ್ಲಿ ಇನ್ನೊಂದು ಒಲೆ ಹಚ್ಚಿದರಾಯ್ತು. ಬೀಗರು ಹೋದರೆ ಒಲೆ ಆರಿಸಿದರಾಯ್ತು. ಯೂರಿಯಾ ಹಾಗಲ್ಲ, ಅದು ಕಾಲುವೆ. ಹರೀತಿದ್ದರೆ ಇದೆ, ನಿಂತರೆ ಇಲ್ಲ.

ಜುಲೈ ಬಂತು, ಡಬಲ್ ತಳ್ಳೋಣ ಅಂದುಕೊಳ್ರಿ. ಡಬಲ್ ತಳ್ಳಿದರೆ ರಿಯಾಕ್ಟರಿನೊಳಗೆ ದ್ರಾವಣ ಇರೋ ಸಮಯ ಅರ್ಧ ಆಗುತ್ತೆ. ನಿಧಾನದ ಎರಡನೇ ಹೆಜ್ಜೆಗೆ ಹೊತ್ತು ಸಾಲೋದಿಲ್ಲ. ಯೂರಿಯಾ ಕಡಿಮೆ ಆಗುತ್ತೆ, ಹಿಂದಕ್ಕೆ ಸುತ್ತಬೇಕಾದ ಸರಕು ಜಾಸ್ತಿ ಆಗುತ್ತೆ. ಅದನ್ನ ಹಿಡಿಯೋಕೆ ಮುಂದಿನ ಟವರಿಗೆ, ಪಂಪಿಗೆ ತಾಕತ್ತಿಲ್ಲ. ಸಾಲಿನಲ್ಲಿ ಇರೋದಕ್ಕೆ ಇದೇ ಬೆಲೆ: ಒಂದು ಟವರ್ ಎಷ್ಟು ನುಂಗುತ್ತೋ ಇಡೀ ಸಾಲು ಅಷ್ಟೇ ಓಡುತ್ತೆ. ಒಂದು ಕೆಟ್ಟರೆ ಎಲ್ಲವೂ ನಿಲ್ಲುತ್ತೆ.

ಸರಿ, ಬೇಡವಾದಾಗ ನಿಲ್ಲಿಸಿ, ಬೇಕಾದಾಗ ಶುರು ಮಾಡಬಹುದಲ್ಲ? ಅದೂ ಕಷ್ಟ. ಕಾರ್ಬಮೇಟ್ ತಣ್ಣಗಾದರೆ ಪೈಪಿನೊಳಗೇ ಹರಳುಗಟ್ಟಿ ಕೂತುಬಿಡುತ್ತೆ. ಬಿಸಿ ಇದ್ದಾಗ ಉಕ್ಕನ್ನೇ ತಿನ್ನುತ್ತೆ. ಉಕ್ಕಿನ ಮೇಲೆ ಆಕ್ಸೈಡ್‌ನ ತೆಳು ಪದರ ಉಳಿಯಲಿ ಅಂತಲೇ ಒಳಹೋಗುವ ಅನಿಲಕ್ಕೆ ಸ್ವಲ್ಪ ಗಾಳಿ ಬೆರೆಸ್ತಾರೆ, ಆ ಪದರವೇ ಉಕ್ಕಿಗೆ ರಕ್ಷಣೆ. ಇನ್ನು ಪೂರ್ತಿ ತಣ್ಣಗಾದ ಅಮೋನಿಯಾ ಘಟಕವನ್ನು ಮೆಲ್ಲಗೆ ಬಿಸಿ ಮಾಡಿ, ಮತ್ತೆ ಪೂರ್ತಿ ಓಟಕ್ಕೆ ತರೋಕೆ ದಿನಗಳೇ ಬೇಕು. ಹಾಗಾಗಿ ಒಂದ್ಸಲ ಶುರು ಮಾಡಿದರೆ ತಿಂಗಳುಗಟ್ಟಲೆ ನಿಲ್ಲಿಸೋದಿಲ್ಲ. ಸಂಕ್ರಾಂತಿಗೂ ಅಷ್ಟೇ, ಕಾರ ಹುಣ್ಣಿವೆಗೂ ಅಷ್ಟೇ. ಗಂಟೆಗೆ ಇಷ್ಟು ಅಂದ್ರೆ ಇಷ್ಟೇ.

ಕಾಕಾಗೆ ಹೇಳೋ ಉತ್ತರ ಇದು: ಕಾರ್ಖಾನೆಗೆ ಹನ್ನೆರಡು ತಿಂಗಳೂ ಒಂದೇ, ಮಳೆಗೆ ಹದಿನೈದೇ ದಿನ. ಈ ಎರಡರ ನಡುವೆ ಇರಬೇಕಾದದ್ದು ಗೋದಾಮು. ಜುಲೈ ಯೂರಿಯಾ ಜುಲೈನಲ್ಲಿ ತಯಾರಾಗೋದಿಲ್ಲ, ಚಳಿಗಾಲದಲ್ಲೇ ತಯಾರಾಗಿ ನಮ್ಮ ಹತ್ತಿರ ಬಂದು ಕೂತಿರಬೇಕು. ಹಾಗೆ ಕೂರಿಸೋಕೆ ದುಡ್ಡು ಬೇಕು, ಸೋರದ ಜಾಗ ಬೇಕು, ಯಾಕಂದರೆ ಯೂರಿಯಾ ತೇವ ಎಳೆದು ಗಡ್ಡೆ ಕಟ್ಟುತ್ತೆ. ಇಲ್ಲಿ ತಪ್ಪಿದರೆ ಜುಲೈನಲ್ಲಿ ಯಾರಿಗೆ ಎಷ್ಟು ಬೈದರೂ ಒಂದು ಚೀಲ ಹೆಚ್ಚಿಗೆ ಹುಟ್ಟೋದಿಲ್ಲ.

ಪಣಂಬೂರು ಎಷ್ಟು ಕೊಡಬಲ್ಲದು

ಕರ್ನಾಟಕದಲ್ಲಿ ಇಂಥ ಸಾಲು ಇರೋದು ಒಂದೇ ಕಡೆ. ಮಂಗಳೂರಿನ ಪಣಂಬೂರು, ನವಮಂಗಳೂರು ಬಂದರಿನ ಪಕ್ಕ. ಮಂಗಳೂರು ಕೆಮಿಕಲ್ಸ್ ಅಂಡ್ ಫರ್ಟಿಲೈಸರ್ಸ್ ಅಂತ ಶುರುವಾದ ಕಾರ್ಖಾನೆ, 1976ರಿಂದ ಯೂರಿಯಾ ಮಾಡ್ತಿದೆ. ನಮ್ಮ ಅಪ್ಪ, ಕಾಕಾ ಎಲ್ಲ "ಮಂಗಳಾ" ಅಂತಾರಲ್ಲ, ಅದೇ ಚೀಲ.

ಮೊದಲು ಅಲ್ಲಿ ಜಲಜನಕ ತೆಗೆಯೋಕೆ ನಾಫ್ತಾ ಬಳಸ್ತಿದ್ದರು, ಅದು ಪೆಟ್ರೋಲಿನ ಜಾತಿಯದು, ದುಬಾರಿ. ಕೊಚ್ಚಿಯಿಂದ ಮಂಗಳೂರಿಗೆ 450 ಕಿಲೋಮೀಟರ್ ಉದ್ದದ ಗ್ಯಾಸ್ ಪೈಪ್‌ಲೈನ್ ಬಂದ ಮೇಲೆ ನೈಸರ್ಗಿಕ ಅನಿಲಕ್ಕೆ ಬದಲಾದರು. ಆ ಪೈಪ್‌ಲೈನ್ ಉದ್ಘಾಟನೆ ಆಗಿದ್ದು 2021ರ ಜನವರಿ 5ಕ್ಕೆ. ಆ ಅನಿಲ ಹಡಗಿನಲ್ಲಿ ದ್ರವ ರೂಪದಲ್ಲಿ ಕೊಚ್ಚಿಗೆ ಬಂದು ಇಳಿಯುತ್ತೆ. ಅಂದರೆ ಹರ್ತಿಯ ಎರಿ ಹೊಲದ ಗೋವಿನಜೋಳ ಹಸಿರಾಗೋಕೆ ಅರಬ್ಬಿ ಸಮುದ್ರದಲ್ಲಿ ಒಂದು ಹಡಗು ಹೊತ್ತಿಗೆ ಸರಿಯಾಗಿ ಬರಬೇಕು.

ಆ ಕಾರ್ಖಾನೆಯ ಯೂರಿಯಾ ಸಾಮರ್ಥ್ಯ ವರ್ಷಕ್ಕೆ ಸುಮಾರು 3.8 ಲಕ್ಷ ಟನ್. ವರ್ಷಕ್ಕೆ 330 ದಿನ ಓಡುತ್ತೆ ಅಂತ ಇಟ್ಟುಕೊಂಡರೆ ದಿನಕ್ಕೆ 1,150 ಟನ್, 25,000 ಚೀಲದ ಆಸುಪಾಸು. ಬಹಳ ಅನ್ನಿಸುತ್ತೆ ಅಲ್ವಾ? ಆದರೆ ಕರ್ನಾಟಕಕ್ಕೆ ಒಂದು ಮುಂಗಾರಿಗೇ ಆ ವರ್ಷದ ಉತ್ಪಾದನೆಯ ಎರಡು ಪಟ್ಟಿಗಿಂತ ಹೆಚ್ಚು ಬೇಕು. ಉಳಿದದ್ದು ಬೇರೆ ರಾಜ್ಯದ ಕಾರ್ಖಾನೆಗಳಿಂದ, ಹೊರದೇಶದಿಂದ ಹಡಗಿನಲ್ಲಿ ಬರಬೇಕು. ಯಾವ ರಾಜ್ಯಕ್ಕೆ ಯಾವ ತಿಂಗಳು ಎಷ್ಟು ಅನ್ನೋದನ್ನ ಕೇಂದ್ರದ ರಸಗೊಬ್ಬರ ಇಲಾಖೆ ಹಂಚುತ್ತೆ. ಆಮೇಲೆ ರೈಲು, ಲಾರಿ, ಸೊಸೈಟಿ, ಅಂಗಡಿ. ಇದೂ ಒಂದು ಸಾಲೇ. ಇಲ್ಲೂ ಒಂದು ಕಡೆ ನಿಂತರೆ ಎಲ್ಲ ಕಡೆ ನಿಂತ ಹಾಗೆ.

ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಈ ದೇಶದ ಆರಂಭದ ಸಹಕಾರಿ ಸೊಸೈಟಿಗಳಲ್ಲಿ ಒಂದು ಕಣ್ಣು ಬಿಟ್ಟಿದ್ದು ನಮ್ಮ ಗದಗ ತಾಲೂಕಿನ ಕಣಗಿನಹಾಳದಲ್ಲಿ, 1905ರಲ್ಲಿ, ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳತ್ವದಲ್ಲಿ. ಕಷ್ಟದ ತಿಂಗಳಿಗೆ ಸುಗ್ಗಿಯಲ್ಲೇ ಕೂಡಿ ತಯಾರಾಗೋದು ಅಂದ್ರೆ ಏನು ಅಂತ ನಮಗೆ ಯಾರೂ ಹೊರಗಿನವರು ಬಂದು ಹೇಳಿಕೊಡಬೇಕಾಗಿಲ್ಲ. ಊರಿನ ಸೊಸೈಟಿ ಸಭೆಗೆ ಹೋದಾಗ "ಜುಲೈಗೆ ಗೊಬ್ಬರ ಕೊಡ್ರಿ" ಅನ್ನೋದಕ್ಕಿಂತ "ಮಾರ್ಚ್‌ನೊಳಗೆ ಎಷ್ಟು ಚೀಲ ಗೋದಾಮಿಗೆ ಬರುತ್ತೆ" ಅಂತ ಕೇಳ್ರಿ. ಆ ಪ್ರಶ್ನೆಗೆ ಉತ್ತರ ಸಿಕ್ಕರೆ ಚಪ್ಪಲಿ ಸಾಲು ಅರ್ಧ ಕರಗುತ್ತೆ.

ಹೊಲದಲ್ಲಿ ಟವರ್ ಉಲ್ಟಾ

ಇಷ್ಟೆಲ್ಲ ಓದಿದ ಮೇಲೆ ನನಗೆ ನಿಜವಾಗಿ ಹೊಟ್ಟೆ ಉರಿದದ್ದು ಬೇರೆ ವಿಷಯಕ್ಕೆ.

ಆವತ್ತು ಎರಡು ಚೀಲ ತಂದ್ವಲ್ಲ, ಒಂದು ಚೀಲವನ್ನ ಕಾಕಾ ಅದೇ ದಿನ ಎರಚಿಬಿಟ್ಟ. ಎಲೆ ಹಳದಿ ತಿರುಗಿತ್ತು, ಪಾಪ ತಡೆಯೋಕೆ ಆಗಲಿಲ್ಲ. ನೆಲ ಹಸಿ ಇತ್ತು, ಮೇಲೆ ಬಿಸಿಲು. ಎಡಿ ಹೊಡೆಯೋಕೆ ಎತ್ತು ಸಿಗಲಿಲ್ಲ. ಮೂರು ದಿನ ಕಾಳು ಮೇಲೆಯೇ ಬಿದ್ದು ಕರಗಿತು. ಮರುದಿನ ಹೊಲಕ್ಕೆ ಹೋದಾಗ ಮೂಗಿಗೆ ಸಣ್ಣಗೆ ಒಂದು ವಾಸನೆ ಬಂತು. ದನದ ಕೊಟ್ಟಿಗೆಯಲ್ಲಿ ಬೆಳಗಿನ ಹೊತ್ತು ಕಣ್ಣಿಗೆ ಚುರುಕ್ ಅನ್ನೋ ವಾಸನೆ ಇರುತ್ತಲ್ಲ, ಅದೇ. ಆಗ ನನಗೆ ಗೊತ್ತಿರಲಿಲ್ಲ. ಅದು ಅಮೋನಿಯಾ.

ಮಣ್ಣಿನಲ್ಲಿ ಸೂಕ್ಷ್ಮಜೀವಿಗಳು ಬಿಡುವ ಯೂರಿಯೇಸ್ ಅನ್ನೋ ಕಿಣ್ವ ಇದೆ. ಅದು ಯೂರಿಯಾಕ್ಕೆ ನೀರು ಸೇರಿಸಿ ಒಡೆಯುತ್ತೆ. ನೀರು ಬಿಟ್ಟು ಯೂರಿಯಾ ಆಗಿತ್ತು, ಈಗ ನೀರು ಸೇರಿ ಮತ್ತೆ ಅಮೋನಿಯಾ, ಕಾರ್ಬನ್ ಡೈಆಕ್ಸೈಡ್. ಟವರಿನೊಳಗೆ 190 ಡಿಗ್ರಿ, 2,000 ಪಿಎಸ್‌ಐ ಹಾಕಿ ಮಾಡಿದ್ದನ್ನ ಮಣ್ಣು ಒಲೆ ಇಲ್ಲದೆ, ಒತ್ತಡ ಇಲ್ಲದೆ ಕೆಲವೇ ದಿನದಲ್ಲಿ ಬಿಚ್ಚಿಹಾಕುತ್ತೆ.

ಇದು ಮಣ್ಣಿನ ತಪ್ಪಲ್ಲ. ಹಾಗೆ ಒಡೆದರೇನೇ ಬೆಳೆಗೆ ಸಾರಜನಕ ಸಿಗೋದು. ಆದರೆ ಎಲ್ಲಿ ಒಡೆಯಿತು ಅನ್ನೋದು ಮುಖ್ಯ. ಮಣ್ಣಿನ ಒಳಗೆ ಒಡೆದರೆ ಜೇಡಿಯ ಕಣಗಳು ಅಮೋನಿಯಾವನ್ನ ಹಿಡಿದು ಇಟ್ಟುಕೊಳ್ಳುತ್ತವೆ. ಒಂದು ರೀತಿ ನಮ್ಮದೇ ಅಬ್ಸಾರ್ಬರ್. ಮೇಲೆಯೇ ಒಡೆದರೆ ಹಿಡಿಯೋರು ಯಾರೂ ಇಲ್ಲ, ಗಾಳಿಗೆ ಹೋಯ್ತು. ಅದರಲ್ಲೂ ನಮ್ಮ ಎರಿ ಭೂಮಿ ಕ್ಷಾರದ ಕಡೆಗೆ ವಾಲುವ ಮಣ್ಣು. ಅಂಥ ಮಣ್ಣಿನ ಮೇಲೆ, ಬಿಸಿಲಿನಲ್ಲಿ ಈ ನಷ್ಟ ಇನ್ನೂ ಜಾಸ್ತಿ.

ಮೂರರಲ್ಲಿ ಒಂದು ಪಾಲು ಹೀಗೆ ಹಾರಿಹೋಯ್ತು ಅಂತ ಲೆಕ್ಕಕ್ಕೆ ಇಟ್ಕೊಳ್ರಿ. 20.7 ಕೆಜಿಯಲ್ಲಿ 6.9 ಕೆಜಿ ಸಾರಜನಕ, ಅಂದರೆ 15 ಕೆಜಿ ಯೂರಿಯಾ. ಮೂರು ಚೀಲಕ್ಕೆ ಒಂದು ಚೀಲ. ಐದು ಗಂಟೆಗೆ ಎದ್ದು, ಚಪ್ಪಲಿ ಇಟ್ಟು, ಹೆಬ್ಬೆಟ್ಟು ಒತ್ತಿ, ಬೇಡದ ಬಾಟಲಿಗೂ ದುಡ್ಡು ಕೊಟ್ಟು ತಂದ ಚೀಲ.

ಹಾಗಾದರೆ ಏನು ಮಾಡಬೇಕು? ಹೊಸದೇನಲ್ಲ, ನಮ್ಮ ಅಜ್ಜಂದಿರು ಬಲ್ಲ ಮಾತೇ. ಗೊಬ್ಬರ ಹಾಕಿದ ಹಿಂದೆಯೇ ಎಡಿ ಹೊಡೆದು ಮಣ್ಣು ಮುಚ್ಚಬೇಕು. ಒಂದೆರಡು ಇಂಚು ಮಣ್ಣು ಮೇಲೆ ಬಂದರೂ ಸಾಕು, ಬಹಳಷ್ಟು ಉಳಿಯುತ್ತೆ. ಎಡಿ ಆಗಲಿಲ್ಲ ಅಂದರೆ ಹದವಾದ ಮಳೆ ಬರೋ ಮುಂಚೆ ಹಾಕಿದರೆ ಮಳೆಯೇ ಒಳಗೆ ಇಳಿಸುತ್ತೆ. ಭಾರಿ ಮಳೆಯಾದರೆ ಕೊಚ್ಚಿಕೊಂಡು ಹೋಗುತ್ತೆ, ಅದೂ ಬೇಡ. ಒಂದೇ ಸಲ ಸುರಿಯೋದು ಬಿಟ್ಟು ಎರಡು ಮೂರು ಕಂತಿನಲ್ಲಿ ಹಾಕಬೇಕು. ಎಕರೆಗೆ ಎಷ್ಟು, ಯಾವಾಗ ಅನ್ನೋದು ನಿಮ್ಮ ಬೆಳೆ, ನಿಮ್ಮ ಮಣ್ಣಿನ ಮೇಲಿದೆ. ಮಣ್ಣು ಪರೀಕ್ಷೆ ಮಾಡಿಸಿ ರೈತ ಸಂಪರ್ಕ ಕೇಂದ್ರದಲ್ಲೋ, ಹುಲಕೋಟಿಯ ಕೃಷಿ ವಿಜ್ಞಾನ ಕೇಂದ್ರದಲ್ಲೋ ಕೇಳ್ರಿ, ನನ್ನ ಪಾಡ್‌ಕಾಸ್ಟ್ ಕೇಳಿ ಚೀಲ ಎಣಿಸಬ್ಯಾಡ್ರಿ.

ಇನ್ನೊಂದು. ನಮ್ಮ ಕಡೆ ಮುಂಗಾರಿಗೆ ಹೆಸರು ಬಿತ್ತುತ್ತಾರೆ. ಹೆಸರಿನ ಗಿಡ ಕಿತ್ತು ಬೇರು ನೋಡ್ರಿ, ಸಣ್ಣ ಸಣ್ಣ ಗಂಟು ಇರುತ್ತವೆ. ಅದರೊಳಗಿನ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನ ಹಿಡಿದು ಅಮೋನಿಯಾ ಮಾಡುತ್ತೆ. ಜರ್ಮನಿಯ ಫ್ರಿಟ್ಸ್ ಹೇಬರ್ 1909ರಲ್ಲಿ ಪ್ರಯೋಗಶಾಲೆಯಲ್ಲಿ ಮಾಡಿ ತೋರಿಸಿದ್ದು, 1913ರಲ್ಲಿ ಓಪಾವ್‌ನಲ್ಲಿ ದೊಡ್ಡ ಕಾರ್ಖಾನೆಯಾಗಿದ್ದು ಇದೇ ಕೆಲಸ. ಅಲ್ಲಿ ಭಾರಿ ಒತ್ತಡ, ಭಾರಿ ಶಾಖ. ಹೆಸರಿನ ಬೇರಿನಲ್ಲಿ ನಮ್ಮ ಮನೆಯ ಗಾಳಿ, ನಮ್ಮ ಮನೆಯ ಬಿಸಿ, ಅಷ್ಟೇ. ಗೋವಿನಜೋಳದ ದರ ನೋಡಿ ಹೆಸರು ಬಿಟ್ಟವರು ಬಹಳ ಮಂದಿ ಇದ್ದಾರೆ, ಅದರ ಕಾರಣವೂ ನನಗೆ ಅರ್ಥ ಆಗುತ್ತೆ. ಆದರೆ ಬೆಲೆ ಲೆಕ್ಕ ಹಾಕುವಾಗ ಆ ಗಂಟುಗಳನ್ನೂ ಜಮಾ ಕಡೆ ಬರೀರಿ. ಆ ಚೀಲಕ್ಕೆ ಕ್ಯೂ ಇಲ್ಲ.

ಇದನ್ನೆಲ್ಲ ಕಾಕಾಗೆ ಹೇಳಿದೆ. ಗೋಲಿ ಸೋಡಾ, ಹೋಳಿಗೆ, ರೊಟ್ಟಿ, ಕಾಲುವೆ ಎಲ್ಲ. ಪೂರ್ತಿ ಕೇಳಿದ. ಸುಮ್ಮನೆ ಕೂತ. ಆಮೇಲೆ ಹೇಳಿದ್ದು ಇಷ್ಟೇ: "ಅಂದ್ರ ಅವ್ರು ಗಾಳೀನ ಚೀಲದಾಗ ತುಂಬಿ ಕೊಟ್ರು, ನಾ ಚೀಲಾ ಬಿಚ್ಚಿ ಗಾಳಿಗೆ ಬಿಟ್ನಿ."

ಎರಡನೇ ಚೀಲ ಮನೆಯಲ್ಲೇ ಇತ್ತು. ಎತ್ತು ಸಿಗೋವರೆಗೆ ಒಂದು ವಾರ ಕಾದ. ಸಾಲಿನ ಗುಂಟ ಕಾಳು ಬಿಡ್ತಾ ಮುಂದೆ ನಾನು, ಹಿಂದೆ ಎಡಿಕುಂಟಿ ಹಿಡಿದು ಕಾಕಾ. ಮರುದಿನ ಬೆಳಿಗ್ಗೆ ಹೊಲಕ್ಕೆ ಹೋಗಿ ಬಗ್ಗಿ ಮೂಸಿ ನೋಡಿದೆ. ಬರೀ ಹಸಿ ಮಣ್ಣಿನ ವಾಸನೆ.

ಇವತ್ತಿಗೆ ಇಷ್ಟು. ನಿಮ್ಮೂರಿನ ಗೋದಾಮಿನಲ್ಲಿ ಮಳೆಗಾಲಕ್ಕೆ ಮುಂಚೆ ಎಷ್ಟು ಚೀಲ ಬಂದು ಕೂರುತ್ತೆ, ಯಾರನ್ನ ಕೇಳಿದರೆ ಲೆಕ್ಕ ಸಿಗುತ್ತೆ, ಗೊತ್ತಿದ್ದರೆ ನನಗೆ ಒಂದು ವಾಯ್ಸ್ ಮೆಸೇಜ್ ಕಳಿಸ್ರಿ. ಹತ್ತು ಊರಿನ ಲೆಕ್ಕ ಬಂದರೆ ಅದನ್ನೇ ಮುಂದಿನ ಒಂದು ಸಂಚಿಕೆ ಮಾಡೋಣ. ಎಡಿ ಹೊಡೆಯೋಕೆ ಹೊರಟಿರೋ ನಿಮ್ಮ ಅಪ್ಪಂಗೋ ಕಾಕಾಗೋ ಈ ಸಂಚಿಕೆ ಹಚ್ಚಿ ಕೇಳಿಸ್ರಿ. ಬರ್ತೀನ್ರಿ, ಶರಣು.